ಊರಿನ ಒಡಪು



ರಜೆಯಲ್ಲಿ ಮಕ್ಕಳನ್ನು ಕೂಡಿಸಿ 'ನಿಧಿ ಶೋಧ' ಆಡಿಸುವವರಿದ್ದಾರೆ. ಚೀಟಿಯಲ್ಲೊಂದು ಒಡಪು, ಅದರ ಉತ್ತರ ಊರಿನ ಯಾವುದೋ ಒಂದು ಜಾಗ, ಅಲ್ಲಿಗೆ ಓಡಿದರೆ ಮುಂದಿನ ಚೀಟಿ. ಕೊನೆಗೆ ಒಂದು ಡಬ್ಬಿ ಪೆಪ್ಪರಮೆಂಟು. ಬಳಗಾನೂರಿನಂಥ ಊರಿನಲ್ಲಿ ಇದನ್ನು ಆಡಿಸಿದರೆ ಮಕ್ಕಳಿಗೆ ತಮ್ಮ ಊರು ತಿಳಿದೀತೇ? ತಿಳಿದೀತು ಎಂದೇ ನನ್ನ ಅನಿಸಿಕೆ. ಆದರೆ ಊರಿನ ಎಷ್ಟು ಭಾಗ ತಿಳಿದೀತು ಎಂಬುದು ಚೀಟಿ ಬರೆಯುವವರ ಮನಸ್ಸಾಕ್ಷಿಗೆ ಬಿಟ್ಟದ್ದು.

ಪ್ಲೇಟೋನ 'ಮೆನೋ' ಸಂವಾದದಲ್ಲಿ ಒಂದು ತೊಡಕು ಬರುತ್ತದೆ. ಗೊತ್ತಿರುವುದನ್ನು ಹುಡುಕಬೇಕಾಗಿಲ್ಲ, ಗೊತ್ತಿಲ್ಲದ್ದನ್ನು ಹುಡುಕಲು ಬರುವುದಿಲ್ಲ, ಏಕೆಂದರೆ ಸಿಕ್ಕರೂ ಅದೇ ಇದೆಂದು ಗುರುತಿಸುವುದು ಹೇಗೆ? ಗುರುಮಠದಲ್ಲಿ ಇದರ ಮೇಲೆ ನಾವು ಗಂಟೆಗಟ್ಟಲೆ ವಾದಿಸಿದ್ದುಂಟು. ನಮ್ಮ ಕಡೆಯ ಅಜ್ಜಿಯರಿಗೆ ಈ ತೊಡಕೇ ಇಲ್ಲ. ಒಡಪು ಎಂದರೆ ಅರ್ಧ ಗೊತ್ತಿರುವುದು. ದಿನಾ ಕಂಡದ್ದನ್ನೇ ಹೆಸರು ಮುಚ್ಚಿ ಮುಂದಿಡುವುದು. ಮದುವೆಮನೆಯಲ್ಲಿ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುವುದಿಲ್ಲವೇ?

ನೆರೆಯ ಮಸ್ಕಿಯಲ್ಲಿ ಬಿಡಿಸಿದ ಒಡಪೂ ಒಂದು ಹೆಸರಿನದೇ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ದೇಶದ ಬಂಡೆಗಳ ಮೇಲೆಲ್ಲ 'ದೇವಾನಂಪಿಯ ಪಿಯದಸಿ' ಎಂಬ ಅರಸ ಕಂಡ. ಇವನು ಯಾರು? ಸಿಂಹಳದ ಗ್ರಂಥದ ಆಧಾರದಿಂದ ಜಾರ್ಜ್ ಟರ್ನರ್ ಅಶೋಕನೆಂದು ಗುರುತಿಸಿದರೂ, ಕಲ್ಲೇ ಬಾಯಿಬಿಟ್ಟು ಹೇಳಬೇಕಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ 'ಅಶೋಕ' ಎಂಬ ಹೆಸರು ನೇರವಾಗಿಯೇ ಇತ್ತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಂಗಳಲ್ಲಿಯೂ ಆ ಹೆಸರು ಸಿಕ್ಕಿತು. ಚಿನ್ನದ ಕಸುಬಿನವನಿಗೆ ಸಿಕ್ಕದ್ದು ಹೆಸರು! ಇಂದಿಗೂ ಚಿನ್ನದಾಸೆಗೆ ರಾತ್ರಿ ಗುಡಿಯ ಬುಡ ಅಗೆಯುವವರು ಈ ನಾಡಿನಲ್ಲಿದ್ದಾರೆ. ಅವರು ಕಳೆದುಹಾಕುವುದೇನೆಂದು ಅವರಿಗೇ ತಿಳಿಯದು.

ಆ ಬಂಡೆ ಹೇಳುವ ಮಾತನ್ನೂ ಕೇಳಿ. ಧರ್ಮದಲ್ಲಿ ನಡೆಯುವ ಸಾಮಾನ್ಯನೂ ಈ ಗುರಿ ಮುಟ್ಟಬಲ್ಲ. ದೊಡ್ಡವರಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಶತಮಾನಗಟ್ಟಲೆ ನಮ್ಮ ಜನ ಈ ಅಕ್ಷರಗಳ ಬಳಿ ಓಡಾಡಿದರು, ಓದಲು ಬಾರದೆ.

ಹೊಲದಲ್ಲಿ ಹುದುಗಿದ ನಿಧಿಯ ಸಾಮತಿಯನ್ನು ನೀವು ಬಲ್ಲಿರಿ. ನಾವು ನಿಧಿಯನ್ನು ನೆನೆಯುತ್ತೇವೆ, ಹೊಲವನ್ನು ಮರೆಯುತ್ತೇವೆ. ಆ ಮನುಷ್ಯ ಇದ್ದದ್ದೆಲ್ಲ ಮಾರಿ ಕೊಂಡದ್ದು ಇಡೀ ಹೊಲವನ್ನು, ಕಲ್ಲು ಮುಳ್ಳು ಸಮೇತ. ಊರೂ ಹಾಗೆಯೇ. ಶಾಸನ, ಗುಡಿ, ಮುದಗಲ್ಲಿನ ಕೋಟೆ, ಜೋಳದ ನೆಲವನ್ನು ಭತ್ತದ ಗದ್ದೆ ಮಾಡಿದ ತುಂಗಭದ್ರೆಯ ಎಡದಂಡೆ ಕಾಲುವೆ, ಇವುಗಳಿಗೆಲ್ಲ ಒಡಪು ಕಟ್ಟುವುದು ಸುಲಭ. ಆದರೆ, "ಬಾಯಿ ತೆರೆದೇ ಇದ್ದೆ, ಬಾಯಾರಿದವರನ್ನೇ ದೂರ ನಿಲ್ಲಿಸಿದೆ, ನಾನ್ಯಾರು?" ಎಂಬ ಒಡಪನ್ನು ಯಾರು ಬರೆಯುತ್ತಾರೆ? ಉತ್ತರ, ಊರ ಬಾವಿ. ಕೆಲವು ಕೇರಿಗಳವರು ಹಗ್ಗ ಇಳಿಬಿಡುವಂತಿಲ್ಲದೆ, ಯಾರಾದರೂ ಸೇದಿ ಹೊಯ್ಯಲೆಂದು ಕೊಡ ಹಿಡಿದು ಕಾದು ನಿಂತ ಬಾವಿಗಳು ಈ ನಾಡಿನಲ್ಲಿ ಒಂದೆರಡಲ್ಲ.

"ಆಟದಲ್ಲಿ ಅದೇಕೆ ಫಾದರ್, ಮಕ್ಕಳ ಮನಸ್ಸು ಕೆಡುತ್ತದೆ" ಎನ್ನುವ ತಂದೆತಾಯಿಗಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮುಚ್ಚಿಟ್ಟರೆ ಮಕ್ಕಳಿಗೆ ಅರ್ಧ ಊರನ್ನು ಕೊಟ್ಟಂತಾಗುತ್ತದೆ; ಉಳಿದರ್ಧ ಜಗಳದ ದಿನ ಬೇರೆಯವರ ಬಾಯಿಂದ ಬರುತ್ತದೆ.

ನನ್ನನ್ನು ಕಾಡುವುದು ಬೇರೆ ಆಕ್ಷೇಪಣೆ. ಅಲ್ಲಿ ಕಾದು ನಿಂತಿದ್ದ ಅಜ್ಜಿ ಇನ್ನೂ ಬದುಕಿದ್ದರೆ, ಅವರ ನೋವು ಪೆಪ್ಪರಮೆಂಟಿಗೆ ಹೋಗುವ ದಾರಿಯ ಒಂದು ಮೆಟ್ಟಿಲಾಗಬಹುದೇ? ಆದ್ದರಿಂದ ಚೀಟಿ ಬರೆಯುವ ಮುಂಚೆ ಅವರ ಮನೆಗೆ ಹೋಗಿ, ಕೂತು, ಕೇಳಿ. ಬೇಡವೆಂದರೆ ಆ ಚೀಟಿ ಹರಿದುಬಿಡಿ. ಹೂಂ ಎಂದರೆ, ಒಡಪಿನ ಮಾತುಗಳನ್ನು ಅವರೇ ಹೇಳಲಿ, ಮಕ್ಕಳು ಬರೆದುಕೊಳ್ಳಲಿ.