ಗಾಂಧಾರವಿಲ್ಲದ ಶ್ರುತಿ

ಋಷಿಗಳು ವೇದಕ್ಕೆ ದ್ರಷ್ಟಾರರೇ ಹೊರತು ಕರ್ತೃಗಳಲ್ಲವೆಂಬ ಮೀಮಾಂಸಕರ ವಾದವನ್ನು ಗಿಟಾರಿನ ಬಿರಡೆ ತಿರುಹುವವರ ವಿಷಯದಲ್ಲಿಯೂ ಪರೀಕ್ಷಿಸಬಹುದು. 1960ರ ದಶಕದ ಆದಿಯಲ್ಲಿ ಆಂಗ್ಲ ವಾದಕ ಡೇವಿ ಗ್ರಹಾಂ, ಮೊರಾಕೊದ ಊದ್ ವಾದ್ಯದೊಡನೆ ಹೊಂದಿ ನುಡಿಸುವುದಕ್ಕಾಗಿ, ಒಂದು, ಎರಡು, ಆರನೆಯ ತಂತಿಗಳನ್ನು ಒಂದೊಂದು ಪೂರ್ಣಸ್ವರದಷ್ಟು ಇಳಿಸಿ, ಡಿ-ಎ-ಡಿ-ಜಿ-ಎ-ಡಿ ಎಂಬ ಶ್ರುತಿಕ್ರಮವನ್ನು ರೂಢಿಗೆ ತಂದರು. ಬರಿಯ ತಂತಿಗಳನ್ನು ಮೀಟಿದರೆ ಅಲ್ಲಿ ಷಡ್ಜ, ಮಧ್ಯಮ, ಪಂಚಮಗಳಷ್ಟೇ. ಹರ್ಷವೋ ವಿಷಾದವೋ ಎಂಬುದನ್ನು ನಿರ್ಣಯಿಸತಕ್ಕ ಗಾಂಧಾರವೇ ಇಲ್ಲ. ಆ ಅನಿರ್ಣೀತತೆಯನ್ನು ಶೂನ್ಯವೆನ್ನಲಾರೆ. ತಂಬೂರಿಯಲ್ಲಿ ಮೀಟದ ಗಾಂಧಾರವೂ ಕೇಳಿಬರುವುದನ್ನು ನಮ್ಮವರು ಬಲ್ಲರಷ್ಟೆ. ಬಾಲ್ಯದ ಪೋಲಿಯೋದಿಂದ ಎಡಗೈ ದುರ್ಬಲವಾಗಿದ್ದ ಕೆನಡಾದ ಜೋನಿ ಮಿಚೆಲ್, ಬೆರಳಿಗೆಟುಕದ ಸ್ವರಗುಚ್ಛಗಳನ್ನು ಬಿಡಿತಂತಿಗಳಲ್ಲಿಯೇ ಅಳವಡಿಸುತ್ತ, ಹತ್ತಾರು ಶ್ರುತಿಗಳನ್ನು ಪಡೆದರು. ಅವನ್ನು ಆಕೆ ನಿರ್ಮಿಸಿದರೆನ್ನುವುದಕ್ಕಿಂತ ಕಂಡರೆನ್ನುವುದೇ ನನಗೆ ಸಮ್ಮತ. ಬಿರಡೆ ತಿರುಹಿದ ಶ್ರಮವನ್ನು ಮಾತ್ರ ಅಪೌರುಷೇಯವೆನ್ನುವಂತಿಲ್ಲ.