ಹಾಡು ಆರಿಸಿಕೊಳ್ಳುವ ದಿನಗಳು

ಯಾವ ದಿನ ನೆನಪಿನಲ್ಲಿ ಉಳಿಯಬೇಕು ಎಂಬುದನ್ನು ನಾವು ಗೊತ್ತುಮಾಡುವುದಿಲ್ಲ, ಹಾಡುಗಳು ಗೊತ್ತುಮಾಡುತ್ತವೆ. ನನ್ನ ಮದುವೆಯ ದಿನ ವಾಲಗದವರು ಏನು ನುಡಿಸಿದರೆಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಮೊದಲ ಸಂಬಳ ಕೈಗೆ ಬಂದ ದಿನವಾಗಲಿ, ಗೃಹಪ್ರವೇಶದ ಬೆಳಗಾಗಲಿ, ಫೋಟೊ ನೋಡಿದರೆ ಮಾತ್ರ ಕಣ್ಣಿಗೆ ಕಟ್ಟುತ್ತವೆ. ಆದರೆ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದ ಒಂದು ರಾತ್ರಿ ಇದೆ. ಅಂದು ಏನೂ ನಡೆಯಲಿಲ್ಲ. ಬಸ್ಸು ತಡವಾಯಿತು, ಬಂತು, ಹತ್ತಿದೆ. ಆದರೂ ಬೀದಿದೀಪದ ಹಳದಿ ಬೆಳಕು, ಕಡಲೆಕಾಯಿ ಹುರಿಯುವವನು ಬಾಣಲೆಗೆ ಸೌಟು ಬಡಿಯುತ್ತಿದ್ದ ಸದ್ದು, ಬ್ಯಾಗಿನ ಪಟ್ಟಿ ಹೆಗಲಿನಲ್ಲಿ ಒತ್ತುತ್ತಿದ್ದ ಜಾಗ, ಎಲ್ಲವೂ ಇದ್ದಲ್ಲೇ ಇವೆ. ಕಿವಿಯಲ್ಲಿ ದಿ ರಘು ದೀಕ್ಷಿತ್ ಪ್ರಾಜೆಕ್ಟ್ ಇತ್ತು. ಬೇರೆ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಈ ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು, ಗಿಟಾರನ್ನು ಮಾತ್ರ ತಾವೇ ಕಲಿತವರು. ಮೊದಲು ‘ಅಂತರಾಗ್ನಿ’ ಎಂಬ ತಂಡ ಕಟ್ಟಿದ್ದರು. ಆಲ್ಬಂಗಾಗಿ ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿ, ಕೊನೆಗೆ ಮುಂಬೈಯ ವಿಶಾಲ್–ಶೇಖರ್ ಜೋಡಿ ಕೈಹಿಡಿದ ಮೇಲೆ ಅದು ಹೊರಬಂತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಅದರಲ್ಲಿವೆ. ಮುಂಬೈಯಲ್ಲಿ ಒಂದು ಪವಾಡಕ್ಕಾಗಿ ಕಾದು ಕೂತವನ ಹಾಡೂ ಇದೆ. ಅಮೆರಿಕದ ಬ್ಯಾಂಕುಗಳು ಮುಳುಗಿ ಬೆಂಗಳೂರಿನ ಕಚೇರಿಗಳೆಲ್ಲ ಬೆವರುತ್ತಿದ್ದ ವರ್ಷ ಅದು. ನನ್ನ ಕೆಲಸವೂ ಹೋಗಿತ್ತು. ಲೆಕ್ಕದ ಪ್ರಕಾರ ನನ್ನೊಳಗೆ ಕೂತುಬಿಡಬೇಕಾದದ್ದು ಆ ಕಾಯುವವನ ಹಾಡು. ಕೂತದ್ದು ಅದಲ್ಲ. ಆ ರಾತ್ರಿ ಬಸ್‌ಸ್ಟಾಪಿನಲ್ಲಿ ಕೇಳುತ್ತಿದ್ದದ್ದು, ಇಂದಿಗೂ ನನ್ನನ್ನು ಅಲ್ಲಿಗೆ ಕರೆದೊಯ್ಯುವುದು, ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ.

ನಾನು ಹಾವೇರಿ ಜಿಲ್ಲೆಯವನು. ಶಿಶುನಾಳ ನಮ್ಮೂರಿಗೆ ದೂರವಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರನ್ನು ನಮ್ಮ ಕಡೆಯವರು ‘ಸಾಹೇಬ್ರು’ ಎಂದು, ಈಗಷ್ಟೇ ಓಣಿ ದಾಟಿ ಹೋದವರ ಹಾಗೆ ನೆನೆಯುತ್ತಾರೆ. ಗುರು ಕಳಸದ ಗೋವಿಂದ ಭಟ್ಟರು, ಶಿಷ್ಯ ಶರೀಫರು. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುತ್ತಾರೆ. ಅವರ ಪದಗಳು ಪುಸ್ತಕಕ್ಕೆ ಬಂದದ್ದು ತಡವಾಗಿ. ಅಲ್ಲಿಯವರೆಗೆ ಏಕತಾರಿ, ದಮ್ಮಡಿ, ತಾಳದ ಜೊತೆ ಭಜನಿ ಮೇಳದವರ ಬಾಯಲ್ಲಿ, ಬೀಸುವ ಕುಟ್ಟುವ ಹೆಂಗಸರ ಬಾಯಲ್ಲಿ ಉಳಿದವು. ನಮ್ಮದೂ ಮಣ್ಣಿನ ಮಾಳಿಗೆಯ ಮನೆ. ಜಿಟಿಜಿಟಿ ಮಳೆ ಹಿಡಿಯಿತೆಂದರೆ ಪಡಸಾಲೆಯಲ್ಲಿ ಕೊಡಪಾನ, ತಾಟು, ಚರಗಿಗಳನ್ನು ಹನಿ ಬೀಳುವಲ್ಲೆಲ್ಲ ಇಡುತ್ತಿದ್ದೆವು. ಖಾಲಿ ತಾಟಿನ ಸದ್ದು ಒಂದು, ಅರ್ಧ ತುಂಬಿದ ಕೊಡದ ಸದ್ದು ಇನ್ನೊಂದು, ತುಂಬುತ್ತ ಹೋದ ಹಾಗೆ ಎಲ್ಲವೂ ಶ್ರುತಿ ಬದಲಿಸುತ್ತಿದ್ದವು. ಅಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮೇಲೆ ಹತ್ತಿ, ಸೋರುವ ಕಡೆ ಮಣ್ಣು ಹಾಕಿ ತುಳಿಯುತ್ತಿದ್ದ. ಕೆಳಗೆ ಕೂತವರಿಗೆ ಅವನ ಹೆಜ್ಜೆ ನೆತ್ತಿಯ ಮೇಲೇ ಕೇಳಿಸುತ್ತಿತ್ತು. ಆ ವಯಸ್ಸಿನಲ್ಲಿ ಶರೀಫರ ಪದ ನಮಗೆ ನಮ್ಮ ಮನೆಯದೇ ಸುದ್ದಿ. ಆ ಮನೆ ಈ ದೇಹ, ಸೋರುವುದು ಆಯುಷ್ಯ ಎಂದು ದೊಡ್ಡವರು ತಿಳಿಸಿ ಹೇಳಿದ್ದು ಎಷ್ಟೋ ಮುಂದೆ. ತಿಳಿದ ಮೇಲೂ ಮೊದಲಿನ ಮನೆ ಅಳಿಸಿಹೋಗಲಿಲ್ಲ. ಇವತ್ತಿಗೂ ಆ ಹಾಡಿನ ಕೆಳಗೆ ನನಗೆ ತಾಟಿನ ಸದ್ದು ಕೇಳಿಸುತ್ತದೆ.

ಆಮೇಲೆ ಕ್ಯಾಸೆಟ್ ಬಂತು. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದರು. ಶ್ರೀಧರ್ ಶರೀಫರಾದರು, ಗಿರೀಶ್ ಕಾರ್ನಾಡರು ಗೋವಿಂದ ಭಟ್ಟರಾದರು, ಸಂಗೀತ ಸಿ. ಅಶ್ವತ್ಥ್ ಅವರದು. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಈ ಪದಗಳನ್ನು ಇಡೀ ಕನ್ನಡನಾಡಿಗೆ ಮುಟ್ಟಿಸಿದವರು. ಅವರಿಲ್ಲದಿದ್ದರೆ ತುಂಗಭದ್ರೆಯ ಆಚೆಯ ಎಷ್ಟೋ ಮನೆಗಳಿಗೆ ಶರೀಫರ ಹೆಸರೇ ತಲುಪುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ಮನೆಯ ಟೇಪ್‌ರೆಕಾರ್ಡರ್ ಒಮ್ಮೆ ಆ ಕ್ಯಾಸೆಟ್ಟಿನ ರೀಲನ್ನು ಒಳಗೆಳೆದುಕೊಂಡಿತು. ಅಪ್ಪ ಕಿಟಕಿಯ ಬೆಳಕಿಗೆ ಹಿಡಿದು, ಸುಕ್ಕಾದ ಕಂದು ಪಟ್ಟಿಯನ್ನು ಉಗುರಿನಿಂದ ತೀಡಿ ನೇರ ಮಾಡಿ, ಹಲ್ಲಿನ ಚಕ್ರಕ್ಕೆ ಪೆನ್ಸಿಲ್ ಸಿಕ್ಕಿಸಿ ನಿಧಾನವಾಗಿ ಸುತ್ತಿದ. ಅಂದಿನಿಂದ ಮಾಳಿಗೆಯ ಪದದ ನಡುವೆ ಒಂದು ಕಡೆ ಅಶ್ವತ್ಥರ ಕಂಠ ಗಕ್ಕನೆ ತಗ್ಗಿಗೆ ಇಳಿದು, ತೂಗಾಡಿ, ಮತ್ತೆ ಮೇಲೇಳುತ್ತಿತ್ತು.

ಆ ಕ್ಯಾಸೆಟ್ ಈಗಿಲ್ಲ. ಫೋನಿನಲ್ಲಿ ಅದೇ ಹಾಡು ಕಲೆಯಿಲ್ಲದೆ, ಸುಕ್ಕಿಲ್ಲದೆ ಸಿಗುತ್ತದೆ. ಆದರೆ ಆ ಜಾಗ ಬಂದಾಗ ನನ್ನ ಕಿವಿ ತಾನೇ ತಗ್ಗಿಗೆ ಇಳಿಯುತ್ತದೆ. ಹಾಡು ನೇರವಾಗಿ ಹೋಗುತ್ತದೆ, ನಾನು ಕೆಳಗಿಳಿದು ಮತ್ತೆ ಹತ್ತಿ ಅದನ್ನು ಕೂಡಿಕೊಳ್ಳುತ್ತೇನೆ. ಇನ್ನೂ ಬೆರಗಿನ ಮಾತೆಂದರೆ, ರಘು ದೀಕ್ಷಿತ್ ಹಾಡುವಾಗ ಧಾಟಿಯೇ ಬೇರೆ, ಜೊತೆಗಿರುವ ಗಿಟಾರ್, ಬೇಸ್, ಪಿಟೀಲು ಬೇರೆ, ಆದರೂ ಅದೇ ಮಾತಿನ ಹತ್ತಿರ ನಾನು ಉಸಿರು ಹಿಡಿಯುತ್ತೇನೆ. ಒಂದು ಯಂತ್ರ ಒಂದು ಮಧ್ಯಾಹ್ನ ಮಾಡಿದ ಗಾಯ ಒಬ್ಬ ಗಾಯಕನಿಂದ ಇನ್ನೊಬ್ಬ ಗಾಯಕನಿಗೆ ದಾಟಿದೆ, ಅದೂ ನನ್ನೊಬ್ಬನ ತಲೆಯೊಳಗೆ. ಆ ಇಬ್ಬರಿಗೂ ಅದು ಗೊತ್ತಿಲ್ಲ. ಕಿಟಕಿಯ ಬೆಳಕು, ಅಪ್ಪನ ಉಗುರು, ಪೆನ್ಸಿಲ್ಲಿನ ತಿರುವು ಎಲ್ಲವೂ ಆ ಅರೆ ಕ್ಷಣದಲ್ಲಿ ಬಂದು ಹೋಗುತ್ತವೆ.

ವಿಜ್ಞಾನಿಗಳೂ ಇದರ ಹಿಂದೆ ಬಿದ್ದಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪೀಟರ್ ಜನಾಟ ಎಂಬವರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ, ಅವರು 8ರಿಂದ 18 ವರ್ಷದವರಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳ ತುಣುಕುಗಳನ್ನು ಕೇಳಿಸಿದರು. ಸ್ವಂತ ನೆನಪನ್ನು ಎಬ್ಬಿಸಿದ ಹಾಡು ಬಂದಾಗ ಹಣೆಯ ಹಿಂದೆ, ಮಿದುಳಿನ ಮುಂಭಾಗದ ನಡುವಿನ ಒಂದು ಪ್ರದೇಶ ಹೆಚ್ಚು ಚುರುಕಾಯಿತು. ಅದೇ ಪ್ರದೇಶ ಹಾಡಿನ ಸ್ವರಗಳು ಎತ್ತೆತ್ತ ಸಾಗುತ್ತವೆ ಎಂಬುದನ್ನೂ ಹಿಂಬಾಲಿಸುತ್ತಿತ್ತು. ರಾಗದ ಜಾಡನ್ನೂ ಬದುಕಿನ ಜಾಡನ್ನೂ ಒಂದೇ ಕಡೆ ಹಿಡಿಯುವ ಹಾಗೆ ನಮ್ಮನ್ನು ಮಾಡಲಾಗಿದೆ ಎಂದು ತಿಳಿದಾಗ ನನ್ನ ಬೆರಗು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎಲ್ಲಿ ಎಂಬುದಕ್ಕೆ ಉತ್ತರ ಸಿಕ್ಕಿತು. ಇದೇ ದಿನ ಯಾಕೆ, ಆ ದಿನ ಯಾಕಲ್ಲ ಎಂಬ ನನ್ನ ಪ್ರಶ್ನೆ ಹಾಗೇ ಇದೆ.

ಆ ಪ್ರಶ್ನೆಯನ್ನು ಇನ್ನಷ್ಟು ಆಳಕ್ಕೆ ಇಳಿಸಿದವನು ನನ್ನ ಆಗಿನ ರೂಮ್‌ಮೇಟ್. ಮತ್ತಿಕೆರೆಯಲ್ಲಿ ಒಂದೇ ಕೋಣೆಯಲ್ಲಿ ಇದ್ದೆವು. ಅವನ ಲ್ಯಾಪ್‌ಟಾಪಿನಲ್ಲೇ ನಾನು ಈ ಬ್ಯಾಂಡನ್ನು ಮೊದಲು ಕೇಳಿದ್ದು. ಅವನು ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಈಚೆಗೆ ಫೋನಿನಲ್ಲಿ ಮಾತು ಈ ಆಲ್ಬಂ ಕಡೆ ಹೊರಳಿತು. ಅದರಲ್ಲೇ ಇರುವ ಶರೀಫರ ಇನ್ನೊಂದು ಪದ, ಗುಡುಗುಡಿಯದು, ಬಂದರೆ ನಿನಗೇನು ನೆನಪಾಗುತ್ತದೆ ಎಂದು ಕೇಳಿದೆ. ಅವನು ತಡಮಾಡದೆ ಹೇಳಿದ, “ನೀನು ಮೆಟ್ಟಿಲ ಮೇಲೆ ಕೂತ್ಕೊಂಡು ಅಪ್ಪನ ಜೊತೆ ಮಾತಾಡ್ತಿದ್ದೆ. ಮಾತು ಮುಗಿದ ಮೇಲೂ ಫೋನ್ ಕಿವಿಯಿಂದ ತೆಗೀಲಿಲ್ಲ. ನಾನು ಒಳಗಿಂದ ನೋಡ್ತಿದ್ದೆ. ಕರೀಬೇಕೋ ಬೇಡವೋ ಅಂತ ಗೊತ್ತಾಗದೆ ಹಾಡು ಜೋರು ಮಾಡಿದೆ.”

ನನಗೆ ಆ ಸಂಜೆ ನೆನಪಿಲ್ಲ. ಸ್ವಲ್ಪವೂ ಇಲ್ಲ. ಕೆಲಸ ಹೋದ ಸುದ್ದಿಯನ್ನು ಅಪ್ಪನಿಗೆ ಹೇಳಿದ ಸಂಜೆ ಅದೇ ಇರಬೇಕು. ನನ್ನ ಬದುಕಿನ ಅಷ್ಟು ದೊಡ್ಡ ಹೊತ್ತನ್ನು ನನ್ನ ಮನಸ್ಸು ಕೈಬಿಟ್ಟಿತ್ತು. ಒಂದು ಹಾಡು ಅದನ್ನು ಇನ್ನೊಬ್ಬನೊಳಗೆ, ಸಮುದ್ರದಾಚೆ, ಇಷ್ಟು ವರ್ಷ ಕಾಪಾಡಿ ಇಟ್ಟಿತ್ತು. ನನ್ನ ನೆನಪುಗಳೆಲ್ಲ ನನ್ನಲ್ಲೇ ಇವೆ ಎಂಬ ನಂಬಿಕೆ ಅಂದು ಸಡಿಲವಾಯಿತು. ಅದರಿಂದ ದುಃಖವಾಗಲಿಲ್ಲ, ಬದಲಿಗೆ ದೊಡ್ಡ ಆಸರೆ ಸಿಕ್ಕಂತಾಯಿತು. ನಾವು ಮರೆತುಬಿಟ್ಟ ನಮ್ಮನ್ನು ಯಾರೋ ಯಾವುದೋ ಹಾಡಿನ ಜೊತೆಗೆ ಇಟ್ಟುಕೊಂಡಿರಬಹುದು. ನಾನೂ ಯಾರದೋ ಒಂದು ದಿನವನ್ನು ಹಾಗೆ ಇಟ್ಟುಕೊಂಡಿರಬಹುದು. ಆ ಕಡಲೆಕಾಯಿಯವನ ರಾತ್ರಿ ನನ್ನ ಹತ್ತಿರ ಇದೆಯಲ್ಲ.

ಬ್ಯಾಂಡು ಆಮೇಲೆ ಬಹಳ ದೂರ ಹೋಯಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ವೇದಿಕೆಗೆ ಬರುವ ರಘು ದೀಕ್ಷಿತ್ ಕನ್ನಡದ ಒಂದಕ್ಷರ ತಿಳಿಯದ ಜನರನ್ನೂ ಕುಣಿಸುತ್ತಾರೆ. ಆ ವಿಡಿಯೊಗಳನ್ನು ನೋಡಿದಾಗ ಹೆಮ್ಮೆಗಿಂತ ಹೆಚ್ಚಾಗಿ ಒಂದು ಕುತೂಹಲ ನನ್ನನ್ನು ಹಿಡಿಯುತ್ತದೆ. ಯಾರದೋ ಭುಜದ ಮೇಲೆ ಕೂತು ಕೈ ಬೀಸುವ ಆ ಇಂಗ್ಲಿಷ್ ಹುಡುಗಿಗೆ ಮುಂದೆಂದೋ ಈ ಧಾಟಿ ಕಿವಿಗೆ ಬಿದ್ದರೆ ಏನು ಬಂದೀತು? ಒದ್ದೆ ಹುಲ್ಲೋ, ಜೊತೆಗಿದ್ದ ಹುಡುಗನೋ? ಶಿಗ್ಗಾಂವಿ ತಾಲ್ಲೂಕಿನ ಒಬ್ಬ ಸಾಧು ಕಟ್ಟಿದ ಪದದೊಳಗೆ ಅವಳ ಆ ದಿನವೂ ಒಂದು ಮೂಲೆಯಲ್ಲಿ ಸೇರಿರುತ್ತದೆ.

ಅಪ್ಪನಿಗೆ ಈ ಬ್ಯಾಂಡು ಮೊದಲು ಹಿಡಿಸಲಿಲ್ಲ. ಬೆಂಗಳೂರಿನಿಂದ ಊರಿಗೆ ಕಾರಿನಲ್ಲಿ ಹೋಗುತ್ತಿದ್ದೆವು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣತೊಡಗಿದಾಗ ಮಗಳು ಮಾಳಿಗೆಯ ಪದ ಹಾಕಿದಳು. ಮುಂದಿನ ಸೀಟಿನಲ್ಲಿದ್ದ ಅಪ್ಪ, “ಏನಪಾ ಇದು, ಸಾಹೇಬ್ರ ಪದಕ್ಕ ಇಷ್ಟ ಗದ್ಲ ಯಾಕ ಮಾಡ್ಯಾರ?” ಎಂದ. ಯಾರೂ ಉತ್ತರ ಕೊಡಲಿಲ್ಲ. ಹಾಡು ಮುಗಿಯಿತು. ಅವನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದ್ದದ್ದು ಮಾತ್ರ ನಿಂತಿರಲಿಲ್ಲ. ದಾವಣಗೆರೆ ದಾಟುವ ಹೊತ್ತಿಗೆ ತಾನೇ ಹಿಂದೆ ತಿರುಗಿ, “ಇನ್ನೊಮ್ಮಿ ಹಚ್ಚು ಆ ಪದ” ಎಂದ. ಈ ಸಲ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ತಾನು ಹಾಡಿದ. ಅದು ಬ್ಯಾಂಡಿನ ಧಾಟಿಯಲ್ಲ, ಅಶ್ವತ್ಥರದೂ ಅಲ್ಲ. ನಾನು ಅವನ ಬಾಯಲ್ಲಿ ಯಾವತ್ತೂ ಕೇಳಿರದ ಮೂರನೆಯ ಒಂದು ಧಾಟಿ. ಗದ್ದೆಯ ಬದುವಿನ ಮೇಲೆ ನಡೆಯುವಷ್ಟು ಸಾವಕಾಶ.

ಮಗಳು ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡಳು. ಆಮೇಲೆ, “ಅಜ್ಜಾ, ನಡುವೆ ಒಂದು ಕಡೆ ನೀವು ಬೇರೆ ಮಾತು ಹಾಡಿದ್ರಿ. ರಘು ದೀಕ್ಷಿತ್ ಹಾಗೆ ಹಾಡಿಲ್ಲ” ಎಂದಳು.

“ನಮ್ಮವ್ವ ಹಿಂಗ ಹಾಡತಿದ್ಲು. ಅಕಿಗೆ ಅಕಿ ಅವ್ವ ಕಲಿಸಿದ್ಲು.”

ಸ್ಟಿಯರಿಂಗ್ ಹಿಡಿದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಪ್ಪನ ಅಜ್ಜಿ ಹುಟ್ಟಿದ್ದು ಹಿಂದಿನ ಶತಮಾನದ ಆರಂಭದಲ್ಲಿ. ಆಕೆಗೆ ಹಾಡಿ ಕೇಳಿಸಿದವರು ಶರೀಫರ ದನಿಯನ್ನೇ ಕೇಳಿದವರಿದ್ದರೂ ಇರಬಹುದು. ಹಾಗಿದ್ದರೆ ಶರೀಫರಿಗೂ ಹಿಂದಿನ ಸೀಟಿನಲ್ಲಿ ಕೂತ ನನ್ನ ಮಗಳಿಗೂ ನಡುವೆ ನಾಲ್ಕೈದು ಬಾಯಿಗಳು ಮಾತ್ರ. ಮೈ ಜುಮ್ಮೆಂದಿತು. ಅಷ್ಟು ಬಾಯಿಗಳಲ್ಲಿ ಎಷ್ಟು ಮಳೆಗಾಲ, ಎಷ್ಟು ಸೋರುವ ಪಡಸಾಲೆ, ಎಷ್ಟು ಬೀಸುವ ಕಲ್ಲು ಈ ಪದಕ್ಕೆ ಅಂಟಿಕೊಂಡು ಬಂದಿರಬೇಕು! ಅವುಗಳಲ್ಲಿ ಒಂದನ್ನೂ ನಾನು ಕಂಡಿಲ್ಲ. ಆದರೂ ಅಪ್ಪನ ಆ ಸಾವಕಾಶದಲ್ಲಿ ಯಾರೋ ಬೀಸುತ್ತ ಬೀಸುತ್ತ ಉಸಿರು ತೆಗೆದುಕೊಳ್ಳುವ ಅಂತರ ನನಗೆ ಸ್ಪಷ್ಟವಾಗಿ ಕೇಳಿಸಿತು.

ಊರು ಮುಟ್ಟಿದ ಮೇಲೂ ಅಜ್ಜ–ಮೊಮ್ಮಗಳ ಜಗಳ ಮುಗಿಯಲಿಲ್ಲ. ಯಾವ ಮಾತು ಸರಿ ಎಂದು ಇಬ್ಬರೂ ಪುಸ್ತಕ ಹುಡುಕಿದರು. ಪುಸ್ತಕದಲ್ಲಿ ಇದ್ದದ್ದು ಮತ್ತೊಂದು ಪಾಠ. ಅಪ್ಪ ಅಟ್ಟದ ಮೇಲಿದ್ದ ಪೇಟಿಯನ್ನು ಇಳಿಸಿ ಧೂಳು ಒರೆಸಿದ. ಮಗಳು ಬ್ಯಾಂಡಿನ ಶ್ರುತಿ ಯಾವುದೆಂದು ಫೋನಿನಲ್ಲಿ ಹಿಡಿದು, ಪೇಟಿಯ ಮನೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ರೊಟ್ಟಿ ತಣ್ಣಗಾಗುತ್ತವೆ ಬರ್ರೀ ಎಂದು ಅವ್ವ ಒಳಗಿನಿಂದ ಕೂಗುತ್ತಲೇ ಇದ್ದಳು. ಇಬ್ಬರೂ ಏಳಲಿಲ್ಲ.