ದೋಣಿಯಲ್ಲಿ ಕೂತವರು

ನಮ್ಮ ಬಡಾವಣೆಯ ಈಜುಕೊಳಕ್ಕೆ ಬೆಳಗಿನ ಐದೂವರೆಗೆಲ್ಲ ಒಬ್ಬರು ಬಂದಿರುತ್ತಾರೆ. ಬ್ಯಾಂಕಿನ ಉದ್ಯೋಗಿ, ವಯಸ್ಸು ನಲವತ್ತಾರು. ಕಳೆದ ಯುಗಾದಿಯ ಹೊತ್ತಿಗೆ ಇಪ್ಪತ್ತೈದು ಮೀಟರಿನ ಆ ಕೊಳವನ್ನು ಒಮ್ಮೆ ದಾಟುವಷ್ಟರಲ್ಲಿ ಅವರಿಗೆ ಏದುಸಿರು ಬರುತ್ತಿತ್ತು. ತೋಳಿನಲ್ಲಿ ಬಲವಿತ್ತು, ಆದರೆ ಉಸಿರು ಬಿಗಿಹಿಡಿಯುತ್ತಿದ್ದರು. ಹೊಸದಾಗಿ ನೀರಿಗಿಳಿದವರೆಲ್ಲ ಹಾಗೆಯೇ. ಮುಖ ಮುಳುಗಿದೊಡನೆ ಎದೆಯಲ್ಲಿದ್ದ ಗಾಳಿಯನ್ನು ಗಂಟು ಕಟ್ಟಿಟ್ಟುಕೊಳ್ಳುತ್ತಾರೆ. ಆಮೇಲೆ ತಲೆ ಎತ್ತಿ, ಬಿಡುವುದನ್ನೂ ಎಳೆದುಕೊಳ್ಳುವುದನ್ನೂ ಒಂದೇ ಕ್ಷಣದಲ್ಲಿ ಮಾಡಲು ಹೋಗುತ್ತಾರೆ. ತಲೆ ಮೇಲೆದ್ದಷ್ಟೂ ಸೊಂಟ ಕೆಳಗಿಳಿಯುತ್ತದೆ. ಕಲಿಸುವವರು ಅವರನ್ನು ಮೂರು ವಾರ ಈಜಲು ಬಿಡಲೇ ಇಲ್ಲ. ಅಂಚಿನ ಕಂಬಿ ಹಿಡಿಸಿ, ಮುಖ ಮುಳುಗಿಸಿ, ಮೂಗಿನಿಂದ ನಿಧಾನವಾಗಿ ಗುಳ್ಳೆ ಬಿಡಿಸಿದರು. ಪ್ರಾಣಾಯಾಮ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ರೇಚಕ, ಅಂದರೆ ಉಸಿರು ಬಿಡುವುದು, ಪೂರ್ತಿಯಾದರೆ ಪೂರಕಕ್ಕೆ, ಅಂದರೆ ಎಳೆದುಕೊಳ್ಳುವುದಕ್ಕೆ, ಹೆಣಗಬೇಕಿಲ್ಲ. ಈಗ ಅವರು ನಿಲ್ಲದೆ ಅರವತ್ತು ಸಲ ಕೊಳ ದಾಟುತ್ತಾರೆ. ಅಂದರೆ ಒಂದೂವರೆ ಕಿಲೊಮೀಟರ್. ಗೋವಾದಲ್ಲಿ ನಡೆಯುವ ಅರ್ಧ ಐರನ್‌ಮ್ಯಾನ್ ಸ್ಪರ್ಧೆಗೆ ಹೋಗುವ ಆಸೆ ಅವರದು. ಅಲ್ಲಿ ಸಮುದ್ರದಲ್ಲಿ 1.9 ಕಿಲೊಮೀಟರ್ ಈಜಿ, 90 ಕಿಲೊಮೀಟರ್ ಸೈಕಲ್ ತುಳಿದು, ಕೊನೆಗೆ 21.1 ಕಿಲೊಮೀಟರ್ ಓಡಬೇಕು.

ಅವರನ್ನು ನೋಡುವಾಗ ನನಗೆ ವಿಶಾಖಪಟ್ಟಣದ ರಾಮಕೃಷ್ಣ ಬೀಚ್ ನೆನಪಾಗುತ್ತದೆ. ಗೋಲಿ ಶ್ಯಾಮಲಾ ಎಂಬ ಐವತ್ತೆರಡರ ಮಹಿಳೆ 2024ರ ಡಿಸೆಂಬರ್ 28ರಂದು ನೀರಿಗಿಳಿದದ್ದು ಆ ದಂಡೆಯಿಂದಲೇ. ಬಂದರನ್ನೂ ಡಾಲ್ಫಿನ್ಸ್ ನೋಸ್ ಗುಡ್ಡವನ್ನೂ ಹಿಂದೆ ಬಿಟ್ಟು, ದಿನಕ್ಕಿಷ್ಟು ದೂರ ಎಂದು ಈಜುತ್ತ, ಜನವರಿ 3ರಂದು ಅವರು ಕಾಕಿನಾಡ ತಲುಪಿದರು. ಒಟ್ಟು ಸುಮಾರು 150 ಕಿಲೊಮೀಟರ್. ನಮ್ಮ ಕೊಳದ ಲೆಕ್ಕದಲ್ಲಿ ಹೇಳುವುದಾದರೆ ಆರು ಸಾವಿರ ಸಲ ಅತ್ತಿಂದಿತ್ತ. ಅವರು ಈಜು ಕಲಿತದ್ದು ನಲವತ್ತು ದಾಟಿದ ಮೇಲೆ. 2021ರ ಮಾರ್ಚ್‌ನಲ್ಲಿ ಶ್ರೀಲಂಕಾದಿಂದ ಧನುಷ್ಕೋಡಿಗೆ ಪಾಕ್ ಜಲಸಂಧಿಯ 30 ಕಿಲೊಮೀಟರ್ ದಾಟಲು ಅವರಿಗೆ 13 ಗಂಟೆ 43 ನಿಮಿಷ ಹಿಡಿಯಿತು. ಗಂಟೆಗೆ ಎರಡು ಕಿಲೊಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಸಂಜೆ ನಾವು ಮಾತಾಡಿಕೊಂಡು ನಡೆಯುವುದು ಅದಕ್ಕಿಂತ ಬೇಗ. ಈ ಅಂಕಿ ನನಗೆ ಬಹಳ ಧೈರ್ಯ ಕೊಟ್ಟಿದೆ.

ಇಷ್ಟು ದೂರ ಈಜುವವರ ಪಕ್ಕದಲ್ಲಿ ಯಾವಾಗಲೂ ಒಂದು ದೋಣಿ ಇರುತ್ತದೆ. 1966ರಲ್ಲಿ ಈಜುಗಾರ ಮಿಹಿರ್ ಸೇನ್ ಪಾಕ್ ಜಲಸಂಧಿಯನ್ನು ದಾಟಿದಾಗ ನಮ್ಮ ನೌಕಾಪಡೆಯ ಹಡಗುಗಳೇ ಜೊತೆಗಿದ್ದವು. ಈಜುವವರ ಕಣ್ಣು ನೀರಿನ ಮಟ್ಟದಲ್ಲಿರುತ್ತದೆ, ಎರಡಡಿಯ ಅಲೆ ಎದ್ದರೂ ದಡ ಕಾಣುವುದಿಲ್ಲ. ದಿಕ್ಕು ಕಾಯುವುದು ದೋಣಿಯವರ ಕೆಲಸ. ಆಗಾಗ ಒಂದು ಕೋಲಿನ ತುದಿಗೋ ಹಗ್ಗಕ್ಕೋ ಬಾಟಲಿ ಕಟ್ಟಿ ಚಾಚುತ್ತಾರೆ. ಈಜುವವರು ಅಲ್ಲಿಯೇ ತೇಲುತ್ತ ನಾಲ್ಕು ಗುಟುಕು ಕುಡಿದು ಮುಂದೆ ಹೋಗುತ್ತಾರೆ. ಇಂಗ್ಲಿಷ್ ಕಡಲ್ಗಾಲುವೆಯಂಥ ಕಡೆ ನಿಯಮ ಕಟ್ಟುನಿಟ್ಟು: ದೋಣಿಯನ್ನಾಗಲಿ ಅದರಲ್ಲಿರುವವರನ್ನಾಗಲಿ ಮುಟ್ಟುವಂತಿಲ್ಲ, ಮುಟ್ಟಿದರೆ ಅದುವರೆಗಿನ ಈಜು ಲೆಕ್ಕಕ್ಕಿಲ್ಲ. ದೋಣಿಯಲ್ಲಿ ಕೂತವರ ಪಾಡನ್ನು ಯೋಚಿಸಿ. ತಮ್ಮವರು ಚಳಿಗೆ ನಡುಗುವುದು ಕಾಣುತ್ತಿರುತ್ತದೆ, ಕೈ ಚಾಚಿದರೆ ಮುಗಿಯಿತು. ಆದರೂ ಗಂಟೆಗಟ್ಟಲೆ ಕಣ್ಣು ಕೀಳದೆ ಕೂತಿರಬೇಕು. ನಿಜವಾದ ಅಪಾಯ ಬಂದರೆ ಮಾತ್ರ, ಒಂದು ಕ್ಷಣವೂ ತಡಮಾಡದೆ ಎತ್ತಿಕೊಳ್ಳಬೇಕು. ಮನೆಮಂದಿಗೆ ಇದು ಕಷ್ಟದ ವಿದ್ಯೆ. ಯಾರಾದರೂ ತಡವಾಗಿ ಏನನ್ನಾದರೂ ಕಲಿಯಲು ಹೊರಟರೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಪ್ರೀತಿಯಿಂದಲೇ ತಡೆಯುತ್ತೇವೆ. ಇಲ್ಲವೆ ಅವರ ಕೆಲಸವನ್ನು ನಾವೇ ಮಾಡಿಕೊಡಲು ಹೋಗುತ್ತೇವೆ.

ನಮ್ಮ ಕೊಳದ ಗೃಹಸ್ಥರ ಮಗಳು ಎಂಟನೆಯ ತರಗತಿ. ಭಾನುವಾರ ಅಪ್ಪನ ಜೊತೆ ಬಂದು, ಟವೆಲನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂರುತ್ತಾಳೆ. ಮೂವತ್ತು ದಾಟಿದ ಮೇಲೆ ಅಪ್ಪನಿಗೆ ಲೆಕ್ಕ ತಪ್ಪುತ್ತದಂತೆ. ಅದಕ್ಕೆ ಅವಳು ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೆರೆ ಎಳೆಯುತ್ತಾಳೆ, ನಾಲ್ಕು ಉದ್ದ ಗೆರೆ, ಐದನೆಯದು ಅಡ್ಡ. ಕೂಗುವುದಿಲ್ಲ, ಹುರಿದುಂಬಿಸುವುದಿಲ್ಲ. ಅವರು ಈ ಬದಿಗೆ ಬಂದು ತಿರುಗುವಾಗ ಒಮ್ಮೆ ತಲೆಯೆತ್ತಿ ನೋಡುತ್ತಾಳೆ. ನಿಮ್ಮ ಮನೆಯಲ್ಲೂ ಯಾರೋ ಈಜಿಗೋ ವೀಣೆಗೋ ಕಾರು ಕಲಿಯುವುದಕ್ಕೋ ಹೊರಟಿರಬಹುದು. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಅವರ ಜೊತೆ ಹೋಗಿ ಸುಮ್ಮನೆ ಕೂತು ಬನ್ನಿ.